ಹಳೆಯ ಲಾರಿ, ಜೀಪು ಮತ್ತು ಕಾರುಗಳ ಕೈಬದಲಾವಣೆ ಹಾಗೂ ಪುನಶ್ಚೇತನ: ಸಾರ್ವಜನಿಕರು ತಿಳಿದಿರಬೇಕಾದ ವಿಷಯಗಳು

(ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅರ್ಜಿದಾರರ ಅವಗಾಹನೆಗಾಗಿ)

1. ಪೀಠಿಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಬೆಳೆಗೆ ಹೆಸರಾದ ಪ್ರದೇಶಗಳಾಗಿವೆ. ತೋಟದಿಂದ ಕಾಯಿಯನ್ನು ಮನೆಯಂಗಳಕ್ಕೆ, ಮಟ್ಟೆಯನ್ನು ನಾರಿನ ಕಾರ್ಖಾನೆಗೆ, ಅಟ್ಟದಲ್ಲಿ ಒಣಗಿದ ಉಂಡೆ ಕೊಬ್ಬರಿಯನ್ನು ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಗೆ, ಅಲ್ಲಿಂದ ಉತ್ತರ ಭಾರತದ ಪಟ್ಟಣಗಳಿಗೆ ಸಾಗಿಸುವ ಕಾರ್ಯ ವರ್ಷವಿಡೀ ನಡೆಯುತ್ತಿರುತ್ತದೆ. ಹೀಗಾಗಿ ಲಾರಿ, ಜೀಪು ಮತ್ತು ಟ್ರ್ಯಾಕ್ಟರುಗಳು ಈ ಭಾಗದ ಜನಜೀವನದೊಂದಿಗೆ ಬೆರೆತುಹೋಗಿವೆ. ಉಪಯೋಗ ಮುಗಿದ ವಾಹನವನ್ನು ಗುಜರಿಗೆ ಹಾಕಲು ಮನಸ್ಸಾಗದೆ ತೋಟದ ಮನೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿಕೊಂಡವರೂ, ಅಂತಹ ವಾಹನವನ್ನು ಸ್ನೇಹಿತರಿಂದ ಪಡೆದು ಮತ್ತೆ ಓಡುವಂತೆ ಮಾಡಬೇಕೆಂಬ ಆಸಕ್ತಿಯುಳ್ಳವರೂ ಇದ್ದಾರೆ.

ಇಂತಹ ವ್ಯವಹಾರವು ಸಾಮಾನ್ಯವಾಗಿ ಪರಸ್ಪರ ನಂಬಿಕೆಯ ಮೇಲೆ ನಡೆಯುತ್ತದೆ. ಬೆಲೆ ಬಾಯಿಮಾತಿನಲ್ಲಿ ತೀರ್ಮಾನವಾಗುತ್ತದೆ, ಕೀಲಿಕೈ ಹಸ್ತಾಂತರವಾಗುತ್ತದೆ, ನೋಂದಣಿ ಪತ್ರ (ಆರ್.ಸಿ.) ಮಾತ್ರ ಹಳೆಯ ಹೆಸರಿನಲ್ಲಿಯೇ ಉಳಿಯುತ್ತದೆ. ವಾಹನ ಕೈಬದಲಾದ ಮಾತ್ರಕ್ಕೆ ಅದರ ಹೊಣೆ ಕೈಬದಲಾಗುವುದಿಲ್ಲ ಎಂಬ ಅಂಶವನ್ನು ಸಾರ್ವಜನಿಕರು ಗಮನದಲ್ಲಿಟ್ಟುಕೊಳ್ಳುವುದು ಅತ್ಯವಶ್ಯಕ. ಹಳೆಯ ವಾಹನದ ಖರೀದಿ, ವರ್ಗಾವಣೆ, ದುರಸ್ತಿ, ಮಾರ್ಪಾಡು ಹಾಗೂ ವಿಂಟೇಜ್ ನೋಂದಣಿಗೆ ಸಂಬಂಧಿಸಿದ ಮುಖ್ಯ ವಿಷಯಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಹಳೆಯ ವಾಹನಗಳ ಹಿನ್ನೆಲೆ

ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲಾರಂಭಿಸಿತು. ಟಾಟಾ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ 1954ರಿಂದ ಲಾರಿಗಳನ್ನು ತಯಾರಿಸಿತು. 1948ರಲ್ಲಿ ಸ್ಥಾಪನೆಯಾದ ಅಶೋಕ್ ಮೋಟಾರ್ಸ್ ಸಂಸ್ಥೆಯು 1955ರಲ್ಲಿ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ಪಡೆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್‌ಗಳು 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಓಡಾಡಿದವು. ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಭೇಟಿ ನೀಡಿದವರು ಹಳೆಯ ವಾಹನವನ್ನು ಜತನವಾಗಿ ಕಾಪಾಡುವುದರ ಮಹತ್ವವನ್ನು ಬಲ್ಲರು.

ಹಳೆಯ ವಾಹನದ ವಯಸ್ಸನ್ನು ಅದರ ಸಂಖ್ಯಾಫಲಕವೂ ತಕ್ಕಮಟ್ಟಿಗೆ ಸೂಚಿಸುತ್ತದೆ. ‘ಎಂವೈ’ ಎಂದು ಆರಂಭವಾಗುವ ಸಂಖ್ಯೆಗಳು ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದ ನೆನಪನ್ನು ಉಳಿಸಿವೆ. ಮೋಟಾರು ವಾಹನಗಳ ಕಾಯ್ದೆ, 1988 ದಿನಾಂಕ 1-7-1989ರಿಂದ ಜಾರಿಗೆ ಬಂದ ನಂತರ ‘ಕೆಎ’ ಸರಣಿ ಬಳಕೆಗೆ ಬಂದಿತು. ಈ ಭಾಗದ ವಾಹನಗಳಲ್ಲಿ ತುಮಕೂರು ಕಚೇರಿಯ ಕೆಎ-06 ಹಾಗೂ ತಿಪಟೂರಿನ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯ ಕೆಎ-44 ಸಂಖ್ಯೆಗಳು ಸಾಮಾನ್ಯವಾಗಿ ಕಂಡುಬರುತ್ತವೆ.

3. ಮಾಲೀಕರು ಎಂದರೆ ಯಾರು?

ಕಾಯ್ದೆಯ ಕಲಂ 2(30)ರ ಪ್ರಕಾರ, ವಾಹನವು ಯಾರ ಹೆಸರಿನಲ್ಲಿ ನೋಂದಣಿಯಾಗಿರುತ್ತದೆಯೋ ಅವರೇ ಅದರ ಮಾಲೀಕರು. ಸಾಲದ ಕರಾರಿಗೆ ಒಳಪಟ್ಟ ವಾಹನದ ವಿಷಯದಲ್ಲಿ ಮಾತ್ರ ಕರಾರಿನ ಅನ್ವಯ ಸ್ವಾಧೀನದಲ್ಲಿರುವವರನ್ನು ಮಾಲೀಕರೆಂದು ಪರಿಗಣಿಸಲಾಗುತ್ತದೆ.

ಈ ವಿಷಯದಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ದಿನಾಂಕ 6-2-2018ರಂದು ನೀಡಿದ ತೀರ್ಪು ಗಮನಾರ್ಹವಾಗಿದೆ. ಆ ಪ್ರಕರಣದಲ್ಲಿ ಕಾರೊಂದನ್ನು ನೋಂದಾಯಿತ ಮಾಲೀಕರು 2007ರಲ್ಲಿ ಮಾರಿದ್ದರು. ಬಳಿಕ ಅದು ಒಬ್ಬರಿಂದ ಒಬ್ಬರಿಗೆ ಹಲವು ಬಾರಿ ಕೈಬದಲಾಯಿತು. ಆದರೆ ನೋಂದಣಿ ಪತ್ರದಲ್ಲಿ ಮೊದಲಿನವರ ಹೆಸರೇ ಮುಂದುವರಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾಗಿ ಜೀವಹಾನಿ ಸಂಭವಿಸಿತು. ಪರಿಹಾರದ ಹೊಣೆಯು ನೋಂದಣಿ ಪತ್ರದಲ್ಲಿ ಹೆಸರಿದ್ದವರ ಮೇಲೆಯೇ ಬರುತ್ತದೆಂದು ನ್ಯಾಯಾಲಯವು ತೀರ್ಮಾನಿಸಿತು. ನೋಂದಣಿಯಾಗದ ಮಾರಾಟಗಳ ಸರಣಿಯನ್ನು ಹುಡುಕಿಕೊಂಡು ಹೋಗುವ ಭಾರವನ್ನು ಅಪಘಾತಕ್ಕೊಳಗಾದವರ ಮೇಲೆ ಹೊರಿಸಲಾಗದು ಎಂಬುದು ಈ ತೀರ್ಪಿನ ಸಾರಾಂಶ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ತುರುವೇಕೆರೆಯ ಬೆಳೆಗಾರರೊಬ್ಬರು ತಮ್ಮ ಹಳೆಯ ಜೀಪನ್ನು ಚಿಕ್ಕನಾಯಕನಹಳ್ಳಿಯ ಸ್ನೇಹಿತರಿಗೆ ಕೊಡುತ್ತಾರೆ. ಸಹಿ ಮಾಡಿದ ಖಾಲಿ ನಮೂನೆಗಳನ್ನೂ ಜೊತೆಗೆ ಕೊಡುತ್ತಾರೆ. ಆ ಸ್ನೇಹಿತರು ಇಂಜಿನ್ ಸರಿಪಡಿಸಿ, ಬಣ್ಣ ಹೊಡೆಸಿ, ಅದೇ ಖಾಲಿ ನಮೂನೆಗಳೊಂದಿಗೆ ಮೂರನೆಯವರಿಗೆ ಮಾರುತ್ತಾರೆ. ಆ ಮೂರನೆಯವರು ವಿಮೆ ನವೀಕರಿಸುವುದಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅಪಘಾತವಾದರೆ ನೋಟಿಸು ಬರುವುದು ತುರುವೇಕೆರೆಯ ಬೆಳೆಗಾರರ ಮನೆಗೆ. ‘ನಾನು ಮಾರಿ ಐದು ವರ್ಷವಾಯಿತು’ ಎಂಬ ಹೇಳಿಕೆಯಾಗಲಿ, ಛಾಪಾ ಕಾಗದದಲ್ಲಿ ಬರೆಸಿದ ಕರಾರಾಗಲಿ ಅವರನ್ನು ಈ ಹೊಣೆಯಿಂದ ಪಾರುಮಾಡುವುದಿಲ್ಲ. ಪರಿಹಾರದ ಮೊತ್ತಕ್ಕೆ ತೋಟವನ್ನೇ ಜವಾಬು ಮಾಡಬೇಕಾದ ಪರಿಸ್ಥಿತಿಯೂ ಒದಗಬಹುದು.

4. ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ನೋಂದಣಿ ಪತ್ರದಲ್ಲಿರುವ ಇಂಜಿನ್ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳೊಂದಿಗೆ ತಾಳೆ ನೋಡತಕ್ಕದ್ದು. ತುಕ್ಕು ಹಿಡಿದಿದ್ದರೆ ಎಚ್ಚರಿಕೆಯಿಂದ ಶುಚಿಗೊಳಿಸಿ ಪೆನ್ಸಿಲ್ ಪ್ರಿಂಟ್ ತೆಗೆದುಕೊಳ್ಳಬಹುದು. ಸಂಖ್ಯೆಯನ್ನು ಅರದಿಂದ ಉಜ್ಜಿದ, ಬೆಸುಗೆ ಹಾಕಿದ ಅಥವಾ ಮರುಕೆತ್ತಿದ ಗುರುತುಗಳಿದ್ದಲ್ಲಿ ಅಂತಹ ವಾಹನವನ್ನು ಕೊಳ್ಳಬಾರದು.

(ಆ) ಹಳೆಯ ವಾಹನಗಳ ವಿವರಗಳು ಗಣಕೀಕೃತ ‘ವಾಹನ್’ ದತ್ತಾಂಶದಲ್ಲಿ ಇಲ್ಲದಿರಬಹುದು. ಅಂತಹ ಸಂದರ್ಭದಲ್ಲಿ ಮೂಲ ನೋಂದಣಿ ಕಚೇರಿಯಿಂದ ನೋಂದಣಿ ವಹಿಯ ದೃಢೀಕೃತ ನಕಲನ್ನು (ಬಿ-ಎಕ್ಸ್‌ಟ್ರಾಕ್ಟ್) ಪಡೆಯುವುದು ಸೂಕ್ತ. ಮಾಲೀಕರ ಹೆಸರು, ಸಾಲದ ನಮೂದು, ತೆರಿಗೆ ಪಾವತಿ ಇತ್ಯಾದಿ ವಿವರಗಳು ಅದರಿಂದ ತಿಳಿದುಬರುತ್ತವೆ.

(ಇ) ವಾಹನವು ಕಳುವಾದದ್ದಲ್ಲ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ‘ವಾಹನ್ ಸಮನ್ವಯ’ ಸೇವೆಯ ಮೂಲಕ ಪರಿಶೀಲಿಸಬಹುದು. ಬಾಕಿ ದಂಡದ ವಿವರವನ್ನು ಇ-ಚಲನ್ ಸೇವೆಯಲ್ಲಿ ನೋಡಬಹುದು.

(ಈ) ಸಾಲ ತೀರಿ ಎಷ್ಟೋ ವರ್ಷಗಳಾದರೂ ನೋಂದಣಿ ಪತ್ರದಲ್ಲಿ ಸಾಲದ ನಮೂದು ಉಳಿದಿರುವುದುಂಟು. ಸಾಲ ನೀಡಿದ ಬ್ಯಾಂಕಿನಿಂದ ತೀರುವಳಿ ಪತ್ರ ಪಡೆದು ನಮೂನೆ 35ರಲ್ಲಿ ಅರ್ಜಿ ಸಲ್ಲಿಸಿ ಅದನ್ನು ರದ್ದುಪಡಿಸಿಕೊಳ್ಳತಕ್ಕದ್ದು.

(ಉ) ಸರ್ಕಾರಿ ಇಲಾಖೆಗಳ ಹಳೆಯ ಜೀಪುಗಳ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ದಿನಾಂಕ 1-4-2023ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಲಾಗುವುದಿಲ್ಲ. ಅವುಗಳನ್ನು ನೋಂದಾಯಿತ ಗುಜರಿ ಕೇಂದ್ರದ ಮೂಲಕ ವಿಲೇವಾರಿ ಮಾಡಬೇಕಾಗಿರುತ್ತದೆ.

5. ಮಾಲೀಕತ್ವ ವರ್ಗಾವಣೆಯ ವಿಧಾನ

ಕಾಯ್ದೆಯ ಕಲಂ 50ರ ಅನ್ವಯ ಮಾರಿದವರಿಗೂ ಕೊಂಡವರಿಗೂ ಪ್ರತ್ಯೇಕ ಕರ್ತವ್ಯಗಳಿವೆ.

* ಮಾರಿದವರು: ರಾಜ್ಯದೊಳಗಿನ ವರ್ಗಾವಣೆಯಾದರೆ 14 ದಿನಗಳೊಳಗೆ ನಮೂನೆ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನಕ್ಕೆ 45 ದಿನಗಳ ಕಾಲಾವಕಾಶವಿದೆ.
* ಕೊಂಡವರು: 30 ದಿನಗಳೊಳಗೆ ನಮೂನೆ 30ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.
* ಮಾಲೀಕರು ಮೃತಪಟ್ಟಿದ್ದಲ್ಲಿ: ಉತ್ತರಾಧಿಕಾರಿಗಳು 30 ದಿನಗಳೊಳಗೆ ಮರಣದ ವಿಷಯ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.
* ಸರ್ಕಾರ ಅಥವಾ ಸರ್ಕಾರದ ಪರವಾಗಿ ನಡೆದ ಹರಾಜಿನಲ್ಲಿ ಕೊಂಡಿದ್ದಲ್ಲಿ: ನಮೂನೆ 32.
* ಬೇರೆ ರಾಜ್ಯದಿಂದ ತಂದಿದ್ದಲ್ಲಿ: ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ (ನಮೂನೆ 28) ಹಾಗೂ ಕರ್ನಾಟಕದಲ್ಲಿ ಅನ್ವಯವಾಗುವ ತೆರಿಗೆ.

ಅರ್ಜಿಯೊಂದಿಗೆ ಮೂಲ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮೆ, ವಾಯುಮಾಲಿನ್ಯ ತಪಾಸಣಾ ಪತ್ರ, ತೆರಿಗೆ ಪಾವತಿ ವಿವರ, ಗುರುತು ಹಾಗೂ ವಿಳಾಸದ ದಾಖಲೆಗಳನ್ನು ಲಗತ್ತಿಸಬೇಕು. ನೋಂದಣಿ ಪತ್ರ ಕಳೆದುಹೋಗಿದ್ದಲ್ಲಿ ಮೊದಲು ಪೊಲೀಸ್ ಠಾಣೆಗೆ ದೂರು ನೀಡಿ, ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ. 1-4-2019ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ಸಂಖ್ಯಾಫಲಕ ಅಳವಡಿಸುವಂತೆ ರಾಜ್ಯ ಸರ್ಕಾರವು 2023ರಲ್ಲಿ ಆದೇಶಿಸಿದೆ.

ತಂದೆಯವರ ಹೆಸರಿನಲ್ಲಿರುವ ಲಾರಿಯನ್ನು ಮಕ್ಕಳು ನೇರವಾಗಿ ಸ್ನೇಹಿತರಿಗೆ ಮಾರಲು ಮುಂದಾಗುವ ಸಂದರ್ಭಗಳಿವೆ. ಮೊದಲು ಉತ್ತರಾಧಿಕಾರಿಗಳ ಹೆಸರಿಗೆ ವರ್ಗಾವಣೆಯಾಗದೆ ಮುಂದಿನ ವರ್ಗಾವಣೆ ಸಾಧ್ಯವಿಲ್ಲ. ಇಂತಹ ತೊಡಕನ್ನು ತಪ್ಪಿಸುವ ಸಲುವಾಗಿ, ಮಾಲೀಕರು ತಮ್ಮ ಜೀವಿತಕಾಲದಲ್ಲಿಯೇ ನೋಂದಣಿ ಪತ್ರದಲ್ಲಿ ನಾಮನಿರ್ದೇಶಿತರ ಹೆಸರನ್ನು ಸೇರಿಸಲು 2021ರ ತಿದ್ದುಪಡಿಯು ಅವಕಾಶ ಕಲ್ಪಿಸಿದೆ.

ಸರಕು ಲಾರಿಯ ವಿಷಯದಲ್ಲಿ ಮಾಲೀಕತ್ವ ವರ್ಗಾವಣೆಯ ಜೊತೆಗೆ ರಹದಾರಿಯ (ಪರ್ಮಿಟ್) ವರ್ಗಾವಣೆಗೂ ಪ್ರತ್ಯೇಕ ಅನುಮತಿ ಬೇಕು. ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವಾಹನಗಳಿಗೆ ರಹದಾರಿಯ ಅಗತ್ಯವಿರುವುದಿಲ್ಲ.

ವಿಮೆ: ಕಲಂ 157ರ ಪ್ರಕಾರ ವಾಹನದ ಮಾಲೀಕತ್ವದೊಂದಿಗೆ ಮೂರನೆಯ ವ್ಯಕ್ತಿಯ ನಷ್ಟಕ್ಕೆ ಸಂಬಂಧಿಸಿದ ವಿಮೆಯೂ ವರ್ಗಾವಣೆಯಾಯಿತೆಂದು ಭಾವಿಸಲಾಗುತ್ತದೆ. ಆದರೂ ಕೊಂಡವರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಿ ಹೆಸರು ಬದಲಾಯಿಸಿಕೊಳ್ಳತಕ್ಕದ್ದು. ಇಲ್ಲವಾದಲ್ಲಿ ತಮ್ಮದೇ ವಾಹನಕ್ಕಾದ ಹಾನಿಯ ಪರಿಹಾರ ದೊರೆಯದೆ ಹೋಗಬಹುದು.

6. ದುರಸ್ತಿ ಮತ್ತು ಮಾರ್ಪಾಡು: ವ್ಯತ್ಯಾಸ ತಿಳಿಯಿರಿ

ವಾಹನವನ್ನು ತಯಾರಕರು ಕೊಟ್ಟಿದ್ದ ಸ್ಥಿತಿಗೆ ಮರಳಿ ತರುವುದು ದುರಸ್ತಿ. ತಯಾರಕರು ಕೊಡದಿದ್ದ ರೂಪಕ್ಕೆ ತರುವುದು ಮಾರ್ಪಾಡು. ತುಕ್ಕು ತಿಂದ ತಗಡನ್ನು ಅದೇ ಆಕಾರದಲ್ಲಿ ಕಟ್ಟಿಸುವುದು, ಬ್ರೇಕ್, ಸ್ಪ್ರಿಂಗ್ ಪಟ್ಟಿ, ವೈರಿಂಗ್ ಹೊಸದಾಗಿ ಹಾಕಿಸುವುದು, ಇಂಜಿನ್ ಬಿಚ್ಚಿ ಪಿಸ್ಟನ್, ರಿಂಗ್ ಬದಲಿಸುವುದು ಮೊದಲನೆಯ ಬಗೆಗೆ ಸೇರುತ್ತವೆ. ಚಾಸಿಸ್ ಕತ್ತರಿಸಿ ಉದ್ದಗಿಡ್ಡ ಮಾಡುವುದು, ಹೆಚ್ಚು ಕಾಯಿ ತುಂಬಲು ಲಾರಿಯ ಬಾಡಿ ಎತ್ತರಿಸುವುದು, ಮುಚ್ಚಿದ ವಾಹನದ ಮೇಲ್ಛಾವಣಿ ಕತ್ತರಿಸಿ ತೆರೆದ ಜೀಪಿನಂತೆ ಮಾಡುವುದು ಎರಡನೆಯ ಬಗೆಗೆ ಸೇರುತ್ತವೆ.

ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಮಾನ್ಯ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ದಿನಾಂಕ 9-1-2019ರಂದು ಈ ನಿಲುವನ್ನು ಎತ್ತಿಹಿಡಿದಿದೆ. ಕಲಂ 182ಎ(4)ರ ಅನ್ವಯ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ರೂ. 5,000/- ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಇಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಅವಶ್ಯಕ. ಬದಲಾವಣೆಯಾದ 14 ದಿನಗಳೊಳಗೆ ವರದಿ ಮಾಡಿ ನೋಂದಣಿ ಪತ್ರದಲ್ಲಿ ಹೊಸ ಸಂಖ್ಯೆಯನ್ನು ನಮೂದಿಸಿಕೊಳ್ಳಬೇಕು. ಇಂಜಿನ್ ಕೊಂಡ ರಸೀತಿಯನ್ನು ಜೋಪಾನವಾಗಿಡಬೇಕು. ನೋಂದಣಿ ಪತ್ರದಲ್ಲಿ ಬಣ್ಣವೂ ನಮೂದಾಗಿರುವುದರಿಂದ, ಬೇರೆ ಬಣ್ಣ ಹೊಡೆಸುವವರು ಮೊದಲು ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ವಾಹನದ ಮುಂಭಾಗಕ್ಕೆ ಅಳವಡಿಸುವ ಕಬ್ಬಿಣದ ರಕ್ಷಾಕಂಬಿಗಳ (ಬುಲ್ ಬಾರ್) ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ.

7. ನೋಂದಣಿ ನವೀಕರಣ

ಸ್ವಂತ ಬಳಕೆಯ ವಾಹನದ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಸರಕು ಸಾಗಣೆ ವಾಹನಗಳಿಗೆ ಅರ್ಹತಾ ಪತ್ರ (ಎಫ್.ಸಿ.) ಕಡ್ಡಾಯವಾಗಿದ್ದು, ಎಂಟು ವರ್ಷ ಮೀರಿದ ಬಳಿಕ ಪ್ರತಿವರ್ಷ ಪಡೆಯಬೇಕು.

ಹಳೆಯ ವಾಹನಗಳ ಶುಲ್ಕವನ್ನು ಇತ್ತೀಚಿನ ವರ್ಷಗಳಲ್ಲಿ ಗಣನೀಯವಾಗಿ ಹೆಚ್ಚಿಸಲಾಗಿದೆ. 15 ವರ್ಷ ಮೀರಿದ ಲಘು ಮೋಟಾರು ವಾಹನದ ನೋಂದಣಿ ನವೀಕರಣಕ್ಕೆ 1-4-2022ರಿಂದ ರೂ. 5,000/- ನಿಗದಿಯಾಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದವುಗಳಿಗೆ ಇದನ್ನು ರೂ. 10,000/-ಕ್ಕೆ ಏರಿಸಲಾಯಿತು. ತಡವಾದ ಪ್ರತಿ ತಿಂಗಳಿಗೂ ಹೆಚ್ಚುವರಿ ಶುಲ್ಕವಿದೆ. ಇದರೊಂದಿಗೆ ಹಸಿರು ತೆರಿಗೆಯೂ ಅನ್ವಯವಾಗುತ್ತದೆ. ಆದ್ದರಿಂದ ಹಲವು ವರ್ಷ ನಿಂತಿದ್ದ ವಾಹನವನ್ನು ಕೊಳ್ಳುವವರು ಬೆಲೆ ನಿಗದಿಪಡಿಸುವ ಮೊದಲೇ ಬಾಕಿ ತೆರಿಗೆ ಮತ್ತು ಶುಲ್ಕಗಳನ್ನು ಲೆಕ್ಕ ಹಾಕತಕ್ಕದ್ದು. ಕಡಿಮೆ ಬೆಲೆಗೆ ದೊರೆತ ವಾಹನದ ಬಾಕಿಯೇ ಅದರ ಬೆಲೆಯನ್ನು ಮೀರಬಹುದು.

8. ವಿಂಟೇಜ್ ವಾಹನಗಳ ನೋಂದಣಿ

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕಲ್ಪಿಸಿದೆ. ಮುಖ್ಯಾಂಶಗಳು ಹೀಗಿವೆ:

* ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ಪ್ರಯಾಣಿಕ ವಾಹನಗಳು ಅರ್ಹ.
* ವಾಹನವು ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ ಅಥವಾ ಇಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.
* ಹೊಸ ನೋಂದಣಿಗೆ ರೂ. 20,000/-, ಮರುನೋಂದಣಿಗೆ ರೂ. 5,000/- ಶುಲ್ಕವನ್ನು ಈ ನಿಯಮಗಳಲ್ಲಿ ನಿಗದಿಪಡಿಸಲಾಗಿದೆ. ಅವಧಿ 10 ವರ್ಷ.
* ಹೊಸ ನೋಂದಣಿಗಳಿಗೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ನೀಡಲಾಗುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನಗಳು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು.
* ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವಿಕೆ ಮತ್ತು ನಿರ್ವಹಣೆಯಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸರಕು ಲಾರಿ ಎಷ್ಟೇ ಹಳೆಯದಾದರೂ ಈ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಎರಡನೆಯದಾಗಿ, 1960ರ ದಶಕದ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿದವರು ವಿಂಟೇಜ್ ಅರ್ಹತೆಯನ್ನು ಕಳೆದುಕೊಳ್ಳುವ ಸಂಭವವಿದೆ. ಗ್ಯಾರೇಜಿನಲ್ಲಿ ಕೆಲಸ ಆರಂಭಿಸುವ ಮೊದಲೇ, ವಾಹನವನ್ನು ತೋಟದ ಓಡಾಟಕ್ಕೆ ಬಳಸಬೇಕೇ ಅಥವಾ ಮೂಲ ರೂಪದಲ್ಲಿ ಕಾಪಾಡಬೇಕೇ ಎಂಬುದನ್ನು ನಿರ್ಧರಿಸಿಕೊಳ್ಳುವುದು ಹಿತಕರ. ತೆಗೆದ ಮೂಲ ಬಿಡಿಭಾಗಗಳನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಬೇಕು.

9. ಬಿಡಿಭಾಗಗಳಿಗಾಗಿ ಬಿಚ್ಚಿದ ವಾಹನಗಳು

ಒಂದು ಲಾರಿಯನ್ನು ಓಡಿಸುವ ಸಲುವಾಗಿ ಇನ್ನೊಂದನ್ನು ಬಿಚ್ಚುವುದುಂಟು. ಹಾಗೆ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದ ವಾಹನದ ವಿಷಯವನ್ನು ಕಲಂ 55ರ ಅನ್ವಯ 14 ದಿನಗಳೊಳಗೆ ತಿಳಿಸಿ, ನೋಂದಣಿ ಪತ್ರವನ್ನು ಹಿಂದಿರುಗಿಸಿ, ನೋಂದಣಿ ರದ್ದುಪಡಿಸಿಕೊಳ್ಳತಕ್ಕದ್ದು. ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿದವರು ಠೇವಣಿ ಪ್ರಮಾಣಪತ್ರವನ್ನು ತಪ್ಪದೆ ಪಡೆಯಬೇಕು.

ವಾಹನವಿಲ್ಲದೆ ‘ಬರೀ ಆರ್.ಸಿ.’ ಮಾರುವುದು ಅಥವಾ ಕೊಳ್ಳುವುದು ಅಪಾಯಕಾರಿ. ಒಂದು ವಾಹನದ ಸಂಖ್ಯೆಯನ್ನು ಮತ್ತೊಂದಕ್ಕೆ ಅಂಟಿಸುವುದು ಅಪರಾಧವಾಗಿದ್ದು, ಕಳವಿನ ವಾಹನಗಳಿಗೆ ಹೊದಿಕೆಯಾಗಿ ಬಳಕೆಯಾಗುವ ಸಾಧ್ಯತೆಯಿರುತ್ತದೆ. ಅಂತಹ ಸಂದರ್ಭದಲ್ಲಿ ಪತ್ರದಲ್ಲಿ ಹೆಸರಿರುವವರು ವಿಚಾರಣೆ ಎದುರಿಸಬೇಕಾಗುತ್ತದೆ.

10. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾಹನವನ್ನು ಹಣ ಪಡೆಯದೆ ಸ್ನೇಹಿತರಿಗೆ ಕೊಟ್ಟಿದ್ದೇನೆ. ವರ್ಗಾವಣೆ ಅಗತ್ಯವೇ?
ಉತ್ತರ: ಅಗತ್ಯ. ಮಾರಾಟ, ವಿನಿಮಯ, ಉಡುಗೊರೆ ಯಾವುದೇ ಆಗಿದ್ದರೂ ಮಾಲೀಕತ್ವ ಬದಲಾದಲ್ಲಿ ನಿಯಮ ಒಂದೇ.

ಪ್ರಶ್ನೆ: ಮಾರಿ ಬಹಳ ವರ್ಷಗಳಾಗಿವೆ, ಕೊಂಡವರು ಹೆಸರು ಬದಲಾಯಿಸಿಕೊಂಡಿಲ್ಲ. ಏನು ಮಾಡಬೇಕು?
ಉತ್ತರ: ಮೊದಲು ಕೊಂಡವರನ್ನು ಸಂಪರ್ಕಿಸಿ ಇಬ್ಬರೂ ಸೇರಿ ಅರ್ಜಿ ಸಲ್ಲಿಸುವುದು ಉತ್ತಮ. ಅವರು ಸಹಕರಿಸದಿದ್ದಲ್ಲಿ, ಮಾರಾಟದ ದಾಖಲೆಗಳೊಂದಿಗೆ ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಹೆಸರು ಬದಲಾಗುವವರೆಗೂ ವಿಮೆ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಪ್ರಶ್ನೆ: ಹಳೆಯ ವಾಹನಗಳನ್ನು ಕೊಂಡು, ಸರಿಪಡಿಸಿ, ಮಾರುವುದನ್ನೇ ವೃತ್ತಿಯಾಗಿಸಿಕೊಳ್ಳಬಹುದೇ?
ಉತ್ತರ: ಬಹುದು. 1-4-2023ರಿಂದ ಜಾರಿಯಲ್ಲಿರುವ ನಿಯಮಗಳಂತೆ ಇದಕ್ಕೆ ನಮೂನೆ 29ಎ ಮೂಲಕ ಅರ್ಜಿ ಸಲ್ಲಿಸಿ ಅಧಿಕೃತ ಮಾರಾಟಗಾರರೆಂದು ಮಾನ್ಯತೆ ಪಡೆಯಬೇಕು. ಮಾಲೀಕರು ಅಂತಹವರಿಗೆ ವಾಹನ ಒಪ್ಪಿಸಿ ನಮೂನೆ 29ಸಿ ಮೂಲಕ ತಿಳಿಸಿದ ಬಳಿಕ ವಾಹನದ ಹೊಣೆ ಮಾರಾಟಗಾರರದ್ದಾಗುತ್ತದೆ.

ಪ್ರಶ್ನೆ: ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು?
ಉತ್ತರ: ಕೇಂದ್ರ ಸರ್ಕಾರದ ‘ಪರಿವಾಹನ್’ ಜಾಲತಾಣದಲ್ಲಿ ಅರ್ಜಿ ತುಂಬಿ ಶುಲ್ಕ ಪಾವತಿಸಬಹುದು. ತಪಾಸಣೆ ಅಥವಾ ಹಳೆಯ ವಹಿಗಳ ಪರಿಶೀಲನೆ ಬೇಕಾದಲ್ಲಿ ಸಂಬಂಧಪಟ್ಟ ನೋಂದಣಿ ಕಚೇರಿಗೆ ಹಾಜರಾಗಬೇಕು. ಸಕಾಲ ವ್ಯಾಪ್ತಿಯ ಸೇವೆಗಳಿಗೆ ಸ್ವೀಕೃತಿ ಸಂಖ್ಯೆ ಪಡೆಯುವುದು ಅರ್ಜಿದಾರರ ಹಕ್ಕು.

11. ಸಾರ್ವಜನಿಕರಲ್ಲಿ ವಿನಂತಿ

ಖಾಲಿ ನಮೂನೆಗಳಿಗೆ ಸಹಿ ಮಾಡಿ ಕೊಡಬಾರದು. ಕೀಲಿಕೈ ಕೊಡುವ ದಿನವೇ ಇಬ್ಬರೂ ಜೊತೆಯಾಗಿ ವರ್ಗಾವಣೆ ಅರ್ಜಿ ಸಲ್ಲಿಸುವುದು ಅತ್ಯಂತ ಸುರಕ್ಷಿತ ಮಾರ್ಗ. ಇದನ್ನು ಸ್ನೇಹಿತರ ಮೇಲಿನ ಅಪನಂಬಿಕೆಯೆಂದು ಭಾವಿಸಬೇಕಾಗಿಲ್ಲ. ಮುಂದೆಂದೋ ನಡೆಯಬಹುದಾದ ಅನಾಹುತದ ಹೊಣೆಯು, ಅದಕ್ಕೆ ಸಂಬಂಧವೇ ಇಲ್ಲದ ಕುಟುಂಬದ ಮೇಲೆ ಬೀಳದಂತೆ ತಡೆಯುವ ಕ್ರಮವಿದು. ಶುಲ್ಕ ಮತ್ತು ತೆರಿಗೆಯ ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿ ದರಗಳನ್ನು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.